ಆತಿಥೇಯ ಸಸ್ಯವೂ ಸೈನಿಕ ಹುಳುವಿನ ಸಂತಾನವೃದ್ಧಿಯೂ

ಕೀಟಕ್ಕೆ ಆಹಾರವನ್ನೂ ನೆಲೆಯನ್ನೂ ಒದಗಿಸುವ ಗಿಡವನ್ನು ಶಾಸ್ತ್ರಜ್ಞರು ಆತಿಥೇಯ ಸಸ್ಯವೆನ್ನುತ್ತಾರೆ. (ಅಲ್ಲಲ್ಲಿ ಅಚ್ಚಾಗುತ್ತಿರುವ ‘ಅತಿಥೇಯ’ ಎಂಬ ಹ್ರಸ್ವಾದಿ ರೂಪ ಅಸಾಧು, ಉಪಾಧ್ಯಾಯ ಮಿತ್ರರು ದಯವಿಟ್ಟು ಗಮನಿಸಬೇಕು.) ತಿಥಿಯನ್ನು ಗೊತ್ತುಮಾಡದೆ ಬರುವವನು ಅತಿಥಿ ಎಂಬುದು ಹಿಂದಿನವರ ನಿರ್ವಚನ. 2018ರ ಮೇ ತಿಂಗಳಿನಲ್ಲಿ ಶಿವಮೊಗ್ಗ ಸೀಮೆಯ ಮೆಕ್ಕೆಜೋಳದ ಹೊಲಗಳಲ್ಲಿ ಅಂಥ ಅತಿಥಿಯೊಂದು ಕಾಣಿಸಿಕೊಂಡಿತು. ಅಮೆರಿಕ ಖಂಡದ ಉಷ್ಣಪ್ರದೇಶಗಳಿಗೆ ಸೇರಿದ, 2016ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಕಂಡುಬಂದಿದ್ದ ‘ಫಾಲ್’ ಸೈನಿಕ ಹುಳು ಅದು. ಭಾರತದಲ್ಲಿ ಅದನ್ನು ಮೊತ್ತಮೊದಲು ಗುರುತಿಸಿದವರು ಶಿವಮೊಗ್ಗದ ಕೃಷಿ ಕಾಲೇಜಿನ ಕೀಟಶಾಸ್ತ್ರಜ್ಞರು. ಮರುವರ್ಷದೊಳಗೆ ಅದು ದೇಶದ ಬಹುಭಾಗವನ್ನು ವ್ಯಾಪಿಸಿತು. ವ್ಯಾಕರಣ ಕಾವ್ಯಗಳಲ್ಲಿ ಆಯುಷ್ಯ ಕಳೆದ ನನಗೆ ಕೀಟಶಾಸ್ತ್ರದಲ್ಲಿ ಅಧಿಕಾರವಿಲ್ಲವಾದರೂ, ಒಕ್ಕಲು ಮನೆತನದ ಮಕ್ಕಳಿಗೆ ಪಾಠ ಹೇಳುವವನು ಈ ವಿಷಯದಲ್ಲಿ ಮೌನವಾಗಿರುವುದು ಉಚಿತವಲ್ಲವೆಂದು ತಿಳಿದಷ್ಟನ್ನು ನಿವೇದಿಸುತ್ತೇನೆ.

ಈ ಹುಳುವಿನ ತಲೆಯ ಮೇಲೆ ತಲೆಕೆಳಗಾದ ‘ವೈ’ ಅಕ್ಷರದಂಥ ಗುರುತೂ, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆಗಳೂ ಇರುತ್ತವೆ. ಹೆಣ್ಣು ಪತಂಗವು ಗುಂಪುಗುಂಪಾಗಿ 1,500ಕ್ಕೂ ಹೆಚ್ಚು ಮೊಟ್ಟೆಗಳನ್ನಿಡಬಲ್ಲುದು. ಹುಳು ಆರು ಹಂತಗಳಲ್ಲಿ ಬೆಳೆದು, ಮಣ್ಣಿನಲ್ಲಿ ಕೋಶವಾಗಿ, ಬೆಚ್ಚನೆಯ ಕಾಲದಲ್ಲಿ ಸುಮಾರು ಒಂದು ತಿಂಗಳಿನಲ್ಲಿ ಮತ್ತೆ ಪತಂಗವಾಗುತ್ತದೆ.

350ಕ್ಕೂ ಮಿಕ್ಕಿದ ಸಸ್ಯಜಾತಿಗಳ ಮೇಲೆ ಇದು ಕಂಡುಬಂದಿರುವುದು ದಾಖಲಾಗಿದೆ. ಹಾಗೆಂದು ಎಲ್ಲ ಗಿಡಗಳೂ ಅದಕ್ಕೆ ಸಮಾನವಲ್ಲ. ತಿನ್ನಬಲ್ಲುದು ಎಂಬುದು ಬೇರೆ, ತಿಂದು ಸಂತಾನವನ್ನು ಬೆಳೆಸಬಲ್ಲುದು ಎಂಬುದು ಬೇರೆ. ಪತಂಗವು ಹೂವಿನ ಮಕರಂದವನ್ನು ಹೀರುವುದಲ್ಲದೆ ಎಲೆಯನ್ನು ತಿನ್ನುವುದಿಲ್ಲ. ಆದುದರಿಂದ ಅದು ಇಡುವ ಮೊಟ್ಟೆಗಳಿಗೆ ಬೇಕಾದ ಸತ್ತ್ವದ ಬಹುಭಾಗ ಹುಳುವಾಗಿದ್ದಾಗ ಕೂಡಿಟ್ಟ ಗಂಟು. ಬೇರೆಬೇರೆ ಬೆಳೆಗಳ ಎಲೆಗಳನ್ನು ತಿನ್ನಿಸಿ ಸಾಕಿ ನೋಡಿದ ಪ್ರಯೋಗಗಳ ಅಂಕಿಗಳು ಒಂದೇ ಅಲ್ಲವಾದರೂ, ಸಾಮಾನ್ಯವಾಗಿ ಮೆಕ್ಕೆಜೋಳದ ಮೇಲೆ ಹುಳುವಿನ ಅವಧಿ ಕಿರಿದಾಗುತ್ತದೆ, ಕೋಶದ ತೂಕ ಹೆಚ್ಚುತ್ತದೆ, ಬದುಕಿ ಉಳಿಯುವುವೂ ಹೆಚ್ಚು.

ಈ ಅಂತರ ಎಷ್ಟರದು? ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ಒಗ್ಗುವ ಗಿಡದ ಮೇಲೆ ಒಂದು ಹೆಣ್ಣಿನ ಮೊಟ್ಟೆಗಳಲ್ಲಿ 15 ಮಾತ್ರ ಬದುಕಿ ತಾಯಿಯಾಗುತ್ತವೆ, ತಲೆಮಾರಿಗೆ 30 ದಿನ ಎಂದಿಟ್ಟುಕೊಂಡರೆ, 120 ದಿನಗಳಲ್ಲಿ ನಾಲ್ಕು ತಲೆಮಾರು ಕಳೆದು 50,625 ಹೆಣ್ಣುಗಳಾಗುತ್ತವೆ. ಒಗ್ಗದ ಗಿಡದ ಮೇಲೆ 5 ಬದುಕಿ, ತಲೆಮಾರಿಗೆ 40 ದಿನ ಹಿಡಿದರೆ, ಅಷ್ಟೇ ದಿನಗಳಲ್ಲಿ ಮೂರೇ ತಲೆಮಾರು, ಸಂಖ್ಯೆ 125. ಸಾಲಗಾರನಿಗೆ ಚಕ್ರಬಡ್ಡಿಯ ಅನುಭವವಿದ್ದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಲದಲ್ಲಿ ಹಕ್ಕಿ, ಪರಭಕ್ಷಕ ಕೀಟ, ರೋಗ, ಮಳೆ ಎಲ್ಲವೂ ಈ ಸಂಖ್ಯೆಯನ್ನು ತಗ್ಗಿಸುತ್ತವೆ. ಒಂದೇ ಸುಳಿಯಲ್ಲಿ ಸೇರಿದ ದೊಡ್ಡ ಹುಳುಗಳು ಪರಸ್ಪರ ತಿನ್ನುವುದೂ ಉಂಟು.

ಮೆಕ್ಕೆಜೋಳವು ನಿರಾಯುಧವಾದ ಗಿಡವೇನೂ ಅಲ್ಲ. ಅದರ ಎಳೆಯ ಎಲೆಯಲ್ಲಿ ವಿಷದ ಅಂಶವೊಂದು ಸಕ್ಕರೆಗೆ ಬಂಧಿತವಾಗಿರುತ್ತದೆ. ಎಲೆಯನ್ನು ಕಡಿದೊಡನೆ ಸಕ್ಕರೆ ಕಳಚಿ ವಿಷ ಪ್ರಕಟವಾಗುತ್ತದೆ. ಈ ಹುಳುವಾದರೋ ತನ್ನ ಕರುಳಿನಲ್ಲಿ ಆ ವಿಷಕ್ಕೆ ಮತ್ತೆ ಸಕ್ಕರೆಯನ್ನು, ಮೊದಲಿನ ಜೋಡಣೆಗೆ ವಿಪರೀತವಾದ ರೀತಿಯಲ್ಲಿ ಸೇರಿಸಿ, ಪುನಃ ಬಿಡಿಸಲಾಗದಂತೆ ಮಾಡುತ್ತದೆ. ಬೀಗವೂ ಕೈಯೂ ಬಹುಕಾಲದ ಪರಿಚಿತರು. ಗಿಡವೂ ಅಮೆರಿಕದ್ದೇ; 1492ರ ಕೊಲಂಬಸನ ಯಾನದ ಅನಂತರ ಅದು ಹಳೆಯ ಜಗತ್ತಿಗೆ ಬಂದಿತು. ಆತಿಥೇಯನು ಮೊದಲೇ ಬಂದು ಮನೆಮಾಡಿದ್ದನು, ಅತಿಥಿ ಶತಮಾನಗಳ ಮೇಲೆ ಬಂದನು.

ಉತ್ತರ ಅಮೆರಿಕದಲ್ಲಿ ಚಳಿಗಾಲದ ಹಿಮ ಈ ಕೀಟವನ್ನು ಕೊಲ್ಲುತ್ತದೆ. ದಕ್ಷಿಣದ ಫ್ಲಾರಿಡಾ, ಟೆಕ್ಸಾಸ್ ಪ್ರಾಂತಗಳಲ್ಲಿ ಉಳಿದ ಸಂತತಿ ಪ್ರತಿವರ್ಷ ಮತ್ತೆ ಉತ್ತರಕ್ಕೆ ಹಾರುತ್ತದೆ. ನಮ್ಮಲ್ಲಿ ಅಂಥ ಹಿಮವಿಲ್ಲ. ದಾವಣಗೆರೆ, ಹಾವೇರಿ ಸೀಮೆಗಳಲ್ಲಿ ಮುಂಗಾರಿನ ಬೆಳೆಯ ಹಿಂದೆಯೇ ನೀರಾವರಿಯ ಬೆಳೆ, ಅದರ ಜೊತೆಗೆ ದನಗಳ ಹಸಿಮೇವಿಗೆಂದು ಬಿತ್ತಿದ ಮೆಕ್ಕೆಜೋಳ ಇದ್ದರೆ, ಪತಂಗಕ್ಕೆ ಒಗ್ಗುವ ಎಳೆಯ ಸುಳಿ ವರ್ಷವಿಡೀ ದೊರೆಯುತ್ತದೆ. ಒಬ್ಬನ ಹೊಲದ ಬೆಳೆ ಬಲಿಯುವಷ್ಟರಲ್ಲಿ ನೆರೆಯವನ ಹೊಲದಲ್ಲಿ ಎಳೆಯ ಬೆಳೆ ಸಿದ್ಧವಾಗಿರುತ್ತದೆ. ಔಷಧಿ ಸಿಂಪಡಿಸುವುದನ್ನೇ ನಂಬಿ ಈ ಸರಪಣಿಯನ್ನು ಹಾಗೆಯೇ ಬಿಡುವುದು ನನಗೆ ಅವಿವೇಕವಾಗಿ ತೋರುತ್ತದೆ.

ಕೃಷಿತಜ್ಞರು ಹೇಳುವ ಉಪಾಯಗಳಲ್ಲಿ ಹಲವು ಈ ಆಶ್ರಯವನ್ನು ಕೆಡಿಸುವಂಥವೇ ಆಗಿವೆ: ಊರಿನವರೆಲ್ಲ ಏಕಕಾಲದಲ್ಲಿ ಬಿತ್ತುವುದು, ತೊಗರಿ ಉದ್ದು ಹೆಸರುಗಳನ್ನು ಮಿಶ್ರಬೆಳೆಯಾಗಿ ಹಾಕುವುದು, ಹೊಲದ ಅಂಚಿನಲ್ಲಿ ನೇಪಿಯರ್ ಹುಲ್ಲನ್ನು ಸೆಳೆಬೆಳೆಯಾಗಿ ನೆಡುವುದು, ಕೊಯ್ಲಿನ ಅನಂತರ ತಾನಾಗಿ ಹುಟ್ಟಿದ ಗಿಡಗಳನ್ನು ಕೀಳುವುದು. ಮೊಳೆತ ಮೊದಲ ವಾರಗಳಲ್ಲಿ ಎಲೆಗಳನ್ನು ತಿರುವಿ ನೋಡಿ, ನವಿರು ರೋಮ ಹೊದ್ದ ಮೊಟ್ಟೆಯ ಗುಂಪು ಸಿಕ್ಕಿದರೆ ಬೆರಳಿನಿಂದಲೇ ಹೊಸಕಿಹಾಕಬಹುದು. ಶಾಲೆಗೆ ಹೊರಡುವ ಮುನ್ನ ಮಕ್ಕಳೂ ಮಾಡಬಹುದಾದ ಕೆಲಸವದು.