ನೋಯದ ಕಾಲೇ ಅಪಾಯದ ಕಾಲು: ಪಾದಗಳ ಆರೈಕೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ)

ಪಾಠದ ಉದ್ದೇಶ: ಗ್ರಾಮೀಣ ಜನರಲ್ಲಿ ಸಾಮಾನ್ಯವಾಗಿ ಕಂಡುಬರುವ ಪಾದದ ತೊಂದರೆಗಳನ್ನು ಗುರುತಿಸುವುದು, ಸ್ಪರ್ಶಜ್ಞಾನ ಕಳೆದುಕೊಂಡ ಪಾದದ ಅಪಾಯವನ್ನು ಅರಿಯುವುದು, ಪಾದ ಚಿಕಿತ್ಸೆ ಎಲ್ಲಿ, ಹೇಗೆ ದೊರೆಯುತ್ತದೆಂದು ತಿಳಿಯುವುದು, ಪಂಚಾಯಿತಿಯ ವ್ಯಾಪ್ತಿಯಲ್ಲಿ ಕೈಗೊಳ್ಳಬಹುದಾದ ಕ್ರಮಗಳನ್ನು ನಿರ್ಧರಿಸುವುದು.

1. ಪೀಠಿಕೆ

ಮಳವಳ್ಳಿ ತಾಲ್ಲೂಕಿನ ಹಲಗೂರಿನಿಂದ ಕಾಡಿನ ದಾರಿಯಲ್ಲಿ ಸಾಗಿದರೆ ಕಾವೇರಿ ನದಿಯ ದಡದಲ್ಲಿ ಮುತ್ತತ್ತಿ ಇದೆ. 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮದೊಳಗಿನ ಈ ಪುಟ್ಟ ಊರಿಗೆ ಆಂಜನೇಯಸ್ವಾಮಿಯ ದರ್ಶನಕ್ಕಾಗಿ ಮಂಡ್ಯ, ಕನಕಪುರ, ಮೈಸೂರು, ಬೆಂಗಳೂರು ಕಡೆಗಳಿಂದ ಭಕ್ತರು ಬರುತ್ತಾರೆ. ನದಿಯಲ್ಲಿ ಮಿಂದು, ಬರಿಗಾಲಿನಲ್ಲಿ ಮರಳು ಮತ್ತು ಬಂಡೆಗಳನ್ನು ದಾಟಿ ದೇವರ ಸನ್ನಿಧಿಗೆ ನಡೆಯುತ್ತಾರೆ.

ಬೇಸಿಗೆಯ ಮಧ್ಯಾಹ್ನ ಅಲ್ಲಿನ ಬಂಡೆಗಳು ಕಾದಿರುತ್ತವೆ. ಆರೋಗ್ಯವಂತರು ಕಾಲಿಟ್ಟ ಕ್ಷಣವೇ ಕಾಲನ್ನು ಹಿಂದಕ್ಕೆಳೆದು ನೆರಳಿನತ್ತ ಸರಿಯುತ್ತಾರೆ. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆಯಿರುವ ಹಿರಿಯರೊಬ್ಬರು ಅದೇ ಬಂಡೆಯ ಮೇಲೆ ನಿಶ್ಚಿಂತೆಯಿಂದ ನಿಂತಿರಬಹುದು. ಅವರ ಪಾದಕ್ಕೆ ಬಿಸಿ ತಿಳಿಯುವುದೇ ಇಲ್ಲ. ಸಂಜೆ ಮನೆಗೆ ಮರಳಿದಾಗ ಅಂಗಾಲಿನಲ್ಲಿ ಬೊಬ್ಬೆ ಎದ್ದಿರುತ್ತದೆ. ಅದನ್ನೂ ಅವರು ಕಂಡಿರುವುದಿಲ್ಲ. ನೋವು ಶತ್ರುವಲ್ಲ, ಪಾದವನ್ನು ಕಾಯುವ ಕಾವಲುಗಾರ. ಕಾವಲುಗಾರನಿಲ್ಲದ ಪಾದವನ್ನು ಕಣ್ಣಿನಿಂದ ಕಾಯಬೇಕಾಗುತ್ತದೆ. ಇದೇ ಈ ಪಾಠದ ಸಾರ.

2. ಸಾಮಾನ್ಯ ತೊಂದರೆಗಳು

ಹಿಮ್ಮಡಿ ಬಿರುಕು: ಬರಿಗಾಲಿನ ನಡಿಗೆ, ಒಣಹವೆ ಮತ್ತು ಕೆಸರಿನ ಕೆಲಸದಿಂದ ಹಿಮ್ಮಡಿಯ ಚರ್ಮ ದಪ್ಪವಾಗಿ ಸೀಳುತ್ತದೆ. ರಾತ್ರಿ ಕಾಲು ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿದರೆ ಬಹುಪಾಲು ಗುಣವಾಗುತ್ತದೆ. ರಕ್ತ ಅಥವಾ ಕೀವು ಕಂಡರೆ ವೈದ್ಯರಿಗೆ ತೋರಿಸಬೇಕು.

ಬೆರಳ ಸಂದಿನ ಹುಣ್ಣು: ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಭತ್ತದ ನಾಟಿಗೆ ಇಳಿಯುವ ಮಹಿಳೆಯರಿಗೆ ಇದು ಚಿರಪರಿಚಿತ. ದಿನವಿಡೀ ನೀರಿನಲ್ಲಿ ನೆನೆದ ಚರ್ಮ ಬೆಳ್ಳಗಾಗಿ ಮೆತುವಾಗುತ್ತದೆ, ಶಿಲೀಂಧ್ರ ಸೋಂಕು ತಗಲುತ್ತದೆ. ಬೆರಳ ಸಂದುಗಳನ್ನು ಒಣಗಿಸುವುದೇ ಮೊದಲ ಚಿಕಿತ್ಸೆ. ಸಂದುಗಳಿಗೆ ಎಣ್ಣೆ ಹಚ್ಚಬಾರದು.

ಆಣಿ ಮತ್ತು ಗಟ್ಟಿಚರ್ಮ: ಇವು ಒತ್ತಡದ ಗುರುತುಗಳು. ಒತ್ತಡವೆಂದರೆ ಭಾರವನ್ನು ವಿಸ್ತೀರ್ಣದಿಂದ ಭಾಗಿಸಿದ ಫಲ. ಇಡೀ ಅಂಗಾಲಿನ ಮೇಲೆ ಹರಡಬೇಕಾದ ದೇಹದ ಭಾರ ಕಾಸಿನಗಲದ ಜಾಗದ ಮೇಲೆ ಬಿದ್ದರೆ ಅಲ್ಲಿನ ಒತ್ತಡ ಹಲವು ಪಟ್ಟು ಏರುತ್ತದೆ. ಚರ್ಮ ತನ್ನ ರಕ್ಷಣೆಗಾಗಿ ದಪ್ಪವಾಗುತ್ತದೆ. ದಪ್ಪವಾದ ಚರ್ಮವೇ ಮತ್ತೆ ಕಲ್ಲಿನಂತೆ ಒಳಗಿನ ಮಾಂಸವನ್ನು ಒತ್ತುತ್ತದೆ. ಬ್ಲೇಡಿನಿಂದ ಕೊಯ್ದುಕೊಳ್ಳುವುದೂ ಆಸಿಡ್ ಇರುವ ಆಣಿ ಪಟ್ಟಿ ಅಂಟಿಸಿಕೊಳ್ಳುವುದೂ ಅಪಾಯಕರ.

ಉಗುರು ಒಳಬೆಳೆಯುವುದು: ಉಗುರಿನ ಅಂಚನ್ನು ದುಂಡಗೆ, ಆಳವಾಗಿ ಕತ್ತರಿಸುವುದು ಮತ್ತು ಬಿಗಿಯಾದ ಷೂ ಧರಿಸುವುದು ಮುಖ್ಯ ಕಾರಣಗಳು. ಉಗುರನ್ನು ನೇರವಾಗಿ ಕತ್ತರಿಸಬೇಕು.

ಹಿಮ್ಮಡಿ ನೋವು: ಬೆಳಿಗ್ಗೆ ಹಾಸಿಗೆಯಿಂದೆದ್ದು ಇಡುವ ಮೊದಲ ಹೆಜ್ಜೆಗಳಲ್ಲೇ ತೀವ್ರವಾಗಿರುವ ನೋವು ಅಂಗಾಲಿನ ಪಟ್ಟಿಯ ಉರಿಯೂತದ ಲಕ್ಷಣ. ಮೀನಖಂಡ ಮತ್ತು ಅಂಗಾಲನ್ನು ಎಳೆದು ಹಿಗ್ಗಿಸುವ ವ್ಯಾಯಾಮ ಹಾಗೂ ಮೆತ್ತನೆಯ ಪಾದರಕ್ಷೆಯಿಂದ ಬಹುತೇಕರಿಗೆ ಉಪಶಮನ ದೊರೆಯುತ್ತದೆ.

3. ಸ್ಪರ್ಶ ಕಳೆದುಕೊಂಡ ಪಾದ

ಮೇಲಿನ ತೊಂದರೆಗಳು ನೋಯುತ್ತವೆ. ಆದ್ದರಿಂದ ಜನರು ಅವುಗಳಿಗೆ ಪರಿಹಾರ ಹುಡುಕುತ್ತಾರೆ. ನೋಯದ ಪಾದದ ವಿಷಯ ಬೇರೆ. ಸಕ್ಕರೆ ಕಾಯಿಲೆ ಮತ್ತು ಕುಷ್ಠರೋಗ ಎರಡೂ ಪಾದದ ನರಗಳನ್ನು ಹಾಳುಮಾಡಬಲ್ಲವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಸಕ್ಕರೆ ಕಾಯಿಲೆಯಿಂದಾಗುವ ಕಾಲು ಕತ್ತರಿಸುವ ಶಸ್ತ್ರಚಿಕಿತ್ಸೆಗಳಲ್ಲಿ ಸುಮಾರು ಶೇ. 85ರಷ್ಟು ಪ್ರಕರಣಗಳು ಪಾದದ ಹುಣ್ಣಿನಿಂದ ಆರಂಭವಾಗುತ್ತವೆಂದು ವೈದ್ಯಕೀಯ ಗ್ರಂಥಗಳು ಹೇಳುತ್ತವೆ. ಹುಣ್ಣನ್ನು ತಡೆದರೆ ಕಾಲು ಉಳಿಯುತ್ತದೆ.

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕುಷ್ಠರೋಗಿಗಳ ಶಸ್ತ್ರಚಿಕಿತ್ಸಕರಾಗಿದ್ದ ಡಾ. ಪಾಲ್ ಬ್ರ್ಯಾಂಡ್ ಅವರು ಒಂದು ಮುಖ್ಯ ಸಂಗತಿಯನ್ನು ಲೋಕಕ್ಕೆ ಮನವರಿಕೆ ಮಾಡಿಕೊಟ್ಟರು: ರೋಗಿಗಳ ಕೈಕಾಲುಗಳು ರೋಗದಿಂದ ತಾವಾಗಿಯೇ ಕೊಳೆಯುವುದಿಲ್ಲ, ನೋವು ತಿಳಿಯದ ಕಾರಣ ಅದೇ ಜಾಗಕ್ಕೆ ಮತ್ತೆ ಮತ್ತೆ ಪೆಟ್ಟು ಬಿದ್ದು ನಾಶವಾಗುತ್ತವೆ. ಮೃದುವಾದ ಎಂ.ಸಿ.ಆರ್. ರಬ್ಬರಿನ ಚಪ್ಪಲಿಗಳು ಈ ತಿಳಿವಳಿಕೆಯಿಂದಲೇ ಬಳಕೆಗೆ ಬಂದವು. ಸಕ್ಕರೆ ಕಾಯಿಲೆಯ ಪಾದಕ್ಕೂ ಇದೇ ತತ್ವ ಅನ್ವಯಿಸುತ್ತದೆ.

ತರಬೇತಿಗಾಗಿ ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಬಹುದು. ಕಬ್ಬು ಕಡಿಯುವ ಕಾರ್ಮಿಕರೊಬ್ಬರಿಗೆ ಸಕ್ಕರೆ ಕಾಯಿಲೆಯಿದೆ. ಮಾತ್ರೆಯನ್ನು ಆಗಾಗ ಬಿಡುತ್ತಾರೆ. ಸೋಮವಾರ ಚೂಪಾದ ಕಬ್ಬಿನ ಕೂಳೆ ಅಂಗಾಲಿಗೆ ಚುಚ್ಚುತ್ತದೆ, ಅವರಿಗೆ ತಿಳಿಯುವುದಿಲ್ಲ. ಬುಧವಾರ ಪಾದ ಊದುತ್ತದೆ. ನೋವಿಲ್ಲದ ಕಾರಣ ಸುಣ್ಣ-ಅರಿಸಿನ ಮೆತ್ತಿ ಕೆಲಸಕ್ಕೆ ಹೋಗುತ್ತಾರೆ. ಶುಕ್ರವಾರ ಜ್ವರ ಬರುತ್ತದೆ, ಬೆರಳು ಕಪ್ಪಾಗುತ್ತದೆ. ಆ ವೇಳೆಗೆ ಉಳಿಯುವ ಪ್ರಶ್ನೆ ಎಷ್ಟು ಭಾಗ ಕತ್ತರಿಸಬೇಕೆಂಬುದು ಮಾತ್ರ. ಸೋಮವಾರ ಸಂಜೆ ಯಾರಾದರೂ ಅವರ ಪಾದವನ್ನು ನೋಡಿದ್ದರೆ, ಗಾಯ ತೊಳೆದು ಧನುರ್ವಾಯು ಚುಚ್ಚುಮದ್ದು ಹಾಗೂ ಔಷಧ ಕೊಡಿಸಿದ್ದರೆ, ಕಾಲು ಉಳಿಯುತ್ತಿತ್ತು. ಕುಟುಂಬದ ದುಡಿಮೆಯೂ ಉಳಿಯುತ್ತಿತ್ತು.

4. ಗುರುತಿಸುವ ಸರಳ ವಿಧಾನ

ಮೊದಲನೆಯದು ಒಂದು ಪ್ರಶ್ನೆ: "ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿಹೋದದ್ದು ತಿಳಿಯದೇ ಹೋಗಿದೆಯೇ?" ಹೌದೆಂಬ ಉತ್ತರ ಸ್ಪರ್ಶಜ್ಞಾನ ಕುಂದಿರುವ ಸೂಚನೆ.

ಎರಡನೆಯದು ಸ್ಪರ್ಶ ಪರೀಕ್ಷೆ. ಇಂಗ್ಲೆಂಡಿನ ಇಪ್ಸ್‌ವಿಚ್ ಪಟ್ಟಣದ ವೈದ್ಯರು ರೂಪಿಸಿದ ಈ ವಿಧಾನಕ್ಕೆ ಯಾವ ಉಪಕರಣವೂ ಬೇಡ. ವ್ಯಕ್ತಿಯು ಕಣ್ಣು ಮುಚ್ಚಿರಬೇಕು. ಪ್ರತಿ ಪಾದದ ಹೆಬ್ಬೆರಳು, ನಡುಬೆರಳು ಮತ್ತು ಕಿರುಬೆರಳಿನ ತುದಿಯನ್ನು ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು, ಒತ್ತಬಾರದು, ತಟ್ಟಬಾರದು. ಒಟ್ಟು ಆರು ಜಾಗಗಳಲ್ಲಿ ಎರಡು ಅಥವಾ ಹೆಚ್ಚು ಕಡೆ ಸ್ಪರ್ಶ ತಿಳಿಯದಿದ್ದರೆ ವೈದ್ಯರ ತಪಾಸಣೆ ಅಗತ್ಯ. ಆಶಾ ಕಾರ್ಯಕರ್ತೆಯರು ಮನೆ ಭೇಟಿಯಲ್ಲಿ ಇದನ್ನು ನಡೆಸಬಹುದು, ಮನೆಯವರೂ ಕಲಿಯಬಹುದು.

ಕೆಂಪು, ಊತ, ದುರ್ವಾಸನೆ, ಕೀವು, ಕಪ್ಪು ಬಣ್ಣ ಅಥವಾ ನೋವಿಲ್ಲದೆ ಬಿಸಿಯಾಗಿ ಊದಿದ ಪಾದ ಕಂಡುಬಂದರೆ ಅದೇ ದಿನ ಆಸ್ಪತ್ರೆಗೆ ಕಳುಹಿಸಬೇಕು. ಚರ್ಮದ ಮೇಲೆ ಸ್ಪರ್ಶವಿಲ್ಲದ ತಿಳಿಬಣ್ಣದ ಮಚ್ಚೆಯಿದ್ದರೆ ಕುಷ್ಠರೋಗ ತಪಾಸಣೆ ಮಾಡಿಸಬೇಕು. ಇದರ ಚಿಕಿತ್ಸೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ.

5. ಪಾದ ಚಿಕಿತ್ಸಾ ತಜ್ಞರು ಮಾಡುವ ಕೆಲಸ

ಪಾದದ ರೋಗಗಳ ವಿಶೇಷ ಚಿಕಿತ್ಸೆಗೆ ಪೊಡಿಯಾಟ್ರಿ ಎಂದು ಹೆಸರು. ತಜ್ಞರು 10 ಗ್ರಾಂ ಒತ್ತಡದ ಎಳೆಯಿಂದ ಸ್ಪರ್ಶವನ್ನೂ, ಶ್ರುತಿಕವೆಯಿಂದ ಕಂಪನದ ಅರಿವನ್ನೂ, ಪಾದದ ನಾಡಿಗಳಿಂದ ರಕ್ತಸಂಚಾರವನ್ನೂ ಪರೀಕ್ಷಿಸುತ್ತಾರೆ. ಗಟ್ಟಿಚರ್ಮವನ್ನು ಸುರಕ್ಷಿತವಾಗಿ ತೆಗೆಯುತ್ತಾರೆ. ಗಾಯದ ಸತ್ತ ಭಾಗವನ್ನು ಶುದ್ಧಗೊಳಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ವಿಶೇಷ ಪಟ್ಟಿ, ಅಟ್ಟೆ ಅಥವಾ ಪಾದರಕ್ಷೆಯ ಮೂಲಕ ಹುಣ್ಣಿನ ಜಾಗದಿಂದ ಭಾರವನ್ನು ಇಳಿಸುತ್ತಾರೆ. ಭಾರ ಇಳಿಯದೆ ಕೇವಲ ಮುಲಾಮಿನಿಂದ ಅಂಗಾಲಿನ ಹುಣ್ಣು ಮಾಗುವುದಿಲ್ಲ.

ತಜ್ಞರು ವಿರಳವಾಗಿರುವುದರಿಂದ ಹಂತಹಂತದ ದಾರಿಯನ್ನು ತಿಳಿದಿರಬೇಕು. ಮೊದಲು ಆಯುಷ್ಮಾನ್ ಆರೋಗ್ಯ ಮಂದಿರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರ. ನಂತರ ಮಳವಳ್ಳಿ ಅಥವಾ ಮದ್ದೂರಿನ ತಾಲ್ಲೂಕು ಆಸ್ಪತ್ರೆ. ಅಗತ್ಯವಿದ್ದರೆ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಮಿಮ್ಸ್. ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್ ಸಂಸ್ಥೆಯಲ್ಲಿ ಪೊಡಿಯಾಟ್ರಿ ವಿಭಾಗವಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸಾ ನೆರವಿದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಪಡೆಯಲು ಸದಸ್ಯರು ಕುಟುಂಬಕ್ಕೆ ಮಾರ್ಗದರ್ಶನ ನೀಡಬೇಕು.

6. ಮನೆಯಲ್ಲಿ ಪಾಲಿಸಬೇಕಾದ ನಿಯಮಗಳು

• ಪ್ರತಿ ಸಂಜೆ ಅಂಗಾಲು ಮತ್ತು ಬೆರಳ ಸಂದುಗಳನ್ನು ನೋಡುವುದು. ಬಾಗಲಾಗದವರು ಕನ್ನಡಿ ಬಳಸುವುದು ಅಥವಾ ಮನೆಯವರಿಂದ ನೋಡಿಸಿಕೊಳ್ಳುವುದು.
• ಕಾಲಿಗೆ ನೀರು ಹಾಕುವ ಮೊದಲು ಅದರ ಬಿಸಿಯನ್ನು ಮೊಣಕೈಯಿಂದ ಪರೀಕ್ಷಿಸುವುದು. ಬಿಸಿ ಇಟ್ಟಿಗೆ, ಕೆಂಡದ ಕಾವು ಬೇಡ.
• ಮನೆಯೊಳಗೂ ಪಾದರಕ್ಷೆ ಧರಿಸುವುದು. ಧರಿಸುವ ಮೊದಲು ಅದರೊಳಗೆ ಕೈಯಾಡಿಸಿ ಕಲ್ಲು, ಮುಳ್ಳು, ಹುಳು ಇಲ್ಲವೆಂದು ಖಚಿತಪಡಿಸಿಕೊಳ್ಳುವುದು.
• ಪಾದ ತುಸು ಊದಿರುವ ಸಂಜೆಯ ವೇಳೆಯಲ್ಲಿ ಪಾದರಕ್ಷೆ ಕೊಳ್ಳುವುದು. ಸ್ಪರ್ಶ ಕುಂದಿದವರಿಗೆ ಹವಾಯಿ ಚಪ್ಪಲಿಗಿಂತ ಹಿಂಬದಿ ಪಟ್ಟಿಯಿರುವ ಮೆತ್ತನೆಯ ಪಾದರಕ್ಷೆ ಉತ್ತಮ.
• ಬೀಡಿ, ಸಿಗರೇಟು ಬಿಡುವುದು. ಇವು ಪಾದದ ರಕ್ತಸಂಚಾರವನ್ನು ಕುಗ್ಗಿಸುತ್ತವೆ.

7. ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

ಅ) ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿಯ ಸಭೆಯಲ್ಲಿ ಪಾದ ತಪಾಸಣೆಯನ್ನು ವಿಷಯಪಟ್ಟಿಗೆ ಸೇರಿಸುವುದು. ರಕ್ತದ ಸಕ್ಕರೆ ಪರೀಕ್ಷೆ ನಡೆಯುವ ದಿನವೇ ಪಾದದ ಸ್ಪರ್ಶ ಪರೀಕ್ಷೆಯನ್ನೂ ನಡೆಸುವಂತೆ ವೈದ್ಯಾಧಿಕಾರಿಯವರನ್ನು ಕೋರುವುದು.

ಆ) ತ್ಯಾಜ್ಯ ವಿಲೇವಾರಿ ಸಿಬ್ಬಂದಿ ಮತ್ತು ನೀರುಗಂಟಿಗಳಿಗೆ ಅವರವರ ಅಳತೆಯ ಗಂಬೂಟು ಒದಗಿಸುವುದು. ಅಳತೆ ತಪ್ಪಿದ ಗಂಬೂಟು ಮೂಲೆ ಸೇರುತ್ತದೆ ಅಥವಾ ಕಾಲಿಗೆ ಗಾಯ ಮಾಡುತ್ತದೆ.

ಇ) ಉದ್ಯೋಗ ಖಾತರಿ ಕಾಮಗಾರಿಗಳ ಸ್ಥಳದಲ್ಲಿ ಪ್ರಥಮ ಚಿಕಿತ್ಸಾ ಪೆಟ್ಟಿಗೆ ಇರುವುದನ್ನು ಖಚಿತಪಡಿಸಿಕೊಳ್ಳುವುದು. ಕಿರುನೀರಿನ ತೊಟ್ಟಿಗಳ ಸುತ್ತ ಕೆಸರು ನಿಲ್ಲದಂತೆ ಇಂಗುಗುಂಡಿ ನಿರ್ಮಿಸುವುದು.

ಈ) ವಿಕಲಚೇತನರ ಕಲ್ಯಾಣಕ್ಕೆ ಮೀಸಲಾದ ಶೇ. 5ರ ಅನುದಾನದಲ್ಲಿ ಅರ್ಹರಿಗೆ ವಿಶೇಷ ಪಾದರಕ್ಷೆ ಒದಗಿಸುವ ಸಾಧ್ಯತೆಯನ್ನು ನಿಯಮಾನುಸಾರ ಪರಿಶೀಲಿಸುವುದು. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಂದ ಪಟ್ಟಿ ಪಡೆಯುವುದು.

ಉ) ಜನವರಿ 30ರ ಸ್ಪರ್ಶ್ ಕುಷ್ಠರೋಗ ಅರಿವು ಆಂದೋಲನದ ಗ್ರಾಮಸಭೆಯಲ್ಲಿ ಪ್ರತಿಜ್ಞಾ ವಾಚನದೊಂದಿಗೆ ಪಾದ ಪರೀಕ್ಷೆಯ ಪ್ರಾತ್ಯಕ್ಷಿಕೆಯನ್ನೂ ಏರ್ಪಡಿಸುವುದು.

ಊ) ಮುತ್ತತ್ತಿಯಂತಹ ಯಾತ್ರಾಸ್ಥಳಗಳಲ್ಲಿ ದೇವಸ್ಥಾನದ ಆಡಳಿತ ಮತ್ತು ಅರಣ್ಯ ಇಲಾಖೆಯೊಂದಿಗೆ ಸಮಾಲೋಚಿಸಿ, ನದಿಯಿಂದ ದೇವಾಲಯದವರೆಗೆ ನಾರಿನ ಹಾಸು ಮತ್ತು ನೆರಳು ಕಲ್ಪಿಸುವುದು, ಪಾದರಕ್ಷೆ ಬಿಡುವ ಜಾಗವನ್ನು ದೇವಾಲಯಕ್ಕೆ ಆದಷ್ಟು ಸಮೀಪ ಇಡುವುದು, ನದಿ ತೀರದ ಒಡೆದ ಗಾಜನ್ನು ನಿಯಮಿತವಾಗಿ ತೆಗೆಸುವುದು. ಭಕ್ತಿಗೆ ಇದರಿಂದ ಯಾವ ಕೊರತೆಯೂ ಆಗದು. ಪಾದಕ್ಕೆ ರಕ್ಷಣೆ ದೊರೆಯುತ್ತದೆ.

8. ಸಮಾರೋಪ

ಒಂದು ಕಾಲು ಹೋದರೆ ಒಂದು ಕುಟುಂಬದ ಕೂಲಿ, ಮಕ್ಕಳ ವ್ಯಾಸಂಗ, ಹಿರಿಯರ ಸ್ವಾಭಿಮಾನ ಎಲ್ಲವೂ ಕುಸಿಯುತ್ತವೆ. ಅದನ್ನು ತಡೆಯುವ ಮೊದಲ ಹೆಜ್ಜೆಗೆ ಹಣ ಬೇಕಿಲ್ಲ, ಬಾಗಿ ನೋಡುವ ಮನಸ್ಸು ಬೇಕು. ಪ್ರತಿಯೊಬ್ಬ ಸದಸ್ಯರೂ ತಮ್ಮ ಕ್ಷೇತ್ರದಲ್ಲಿ ಸಕ್ಕರೆ ಕಾಯಿಲೆಯಿರುವವರನ್ನು ಭೇಟಿಯಾದಾಗ "ಸಕ್ಕರೆ ಎಷ್ಟಿದೆ?" ಎಂದು ಕೇಳುವುದರ ಜೊತೆಗೆ "ಪಾದ ನೋಡಿಕೊಂಡಿರಾ?" ಎಂದೂ ಕೇಳಬೇಕು.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಬರಿಗಾಲಿನಲ್ಲಿ ಕೆಲಸ ಮಾಡುವವರು ಯಾರು? ಏಕೆ?
2. ಪಾದದ ಗಾಯವಾದವರು ಆಸ್ಪತ್ರೆಗೆ ತಡವಾಗಿ ಹೋಗಲು ಕಾರಣಗಳೇನು? ಅವುಗಳಲ್ಲಿ ಪಂಚಾಯಿತಿ ನಿವಾರಿಸಬಹುದಾದವು ಯಾವುವು?
3. ಮುಂದಿನ ಸಾಮಾನ್ಯ ಸಭೆಯಲ್ಲಿ ಮೇಲಿನ ಆರು ಕ್ರಮಗಳ ಪೈಕಿ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬಹುದು?