ಎಸ್.ಡಬ್ಲ್ಯು.ಆರ್. ಮಾಪಕವೂ ಕೇಬಲ್ಲಿನ ಪ್ರತಿಬಾಧೆಯೂ

ತೆಳುವಾದ ಹಗ್ಗವನ್ನು ದಪ್ಪನೆಯ ಹಗ್ಗಕ್ಕೆ ಗಂಟುಹಾಕಿ ಒಂದು ತುದಿಯನ್ನು ಕೊಡವಿದರೆ, ಅಲೆಯು ಗಂಟನ್ನು ಮುಟ್ಟಿದೊಡನೆ ಅದರ ಒಂದು ಪಾಲು ಹಿಂದಿರುಗುವುದನ್ನು ನಾವು ಕಾಣುತ್ತೇವೆ. ಹವ್ಯಾಸಿ ರೇಡಿಯೋ ಕೇಂದ್ರದಲ್ಲಿ ಪ್ರೇಷಕದಿಂದ ಆಂಟೆನಾಕ್ಕೆ ಶಕ್ತಿಯನ್ನೊಯ್ಯುವ ಕೋಆಕ್ಸಿಯಲ್ ಕೇಬಲ್ಲಿನಲ್ಲಿಯೂ ಹೀಗೆಯೇ ಆಗುತ್ತದೆ. ಹೋಗುವ ಅಲೆಯೂ ಬರುವ ಅಲೆಯೂ ಕೂಡಿ ಸ್ಥಾಯೀ ತರಂಗವಾಗುತ್ತದೆ. ಅದರ ಅತ್ಯಧಿಕ ಮತ್ತು ಅತ್ಯಲ್ಪ ವೋಲ್ಟೇಜುಗಳ ನಿಷ್ಪತ್ತಿಯನ್ನೇ ಎಸ್.ಡಬ್ಲ್ಯು.ಆರ್. ಎನ್ನುತ್ತೇವೆ. ಏನೂ ಹಿಂದಿರುಗದಿದ್ದರೆ ಅದರ ಬೆಲೆ 1.

ಹಗ್ಗಕ್ಕೆ ದಪ್ಪವಿರುವಂತೆ ಕೇಬಲ್ಲಿಗೆ ಲಾಕ್ಷಣಿಕ ಪ್ರತಿಬಾಧೆ ಎಂಬ ಗುಣವುಂಟು. ಇದು ಕೇಬಲ್ಲಿನ ಉದ್ದವನ್ನು ಅವಲಂಬಿಸಿಲ್ಲ. ಹೊರಕವಚದ ಒಳವ್ಯಾಸಕ್ಕೂ ನಡುತಂತಿಯ ವ್ಯಾಸಕ್ಕೂ ಇರುವ ನಿಷ್ಪತ್ತಿಯನ್ನೂ ನಡುವಣ ಅವಾಹಕವನ್ನೂ ಅವಲಂಬಿಸಿದೆ. ಗಟ್ಟಿ ಪಾಲಿಥೀನ್ ತುಂಬಿದ ಕೇಬಲ್ಲಿನಲ್ಲಿ ಈ ನಿಷ್ಪತ್ತಿ ಸುಮಾರು 3.5 ಆದರೆ ಪ್ರತಿಬಾಧೆ 50 ಓಮ್, ಸುಮಾರು 6.7 ಆದರೆ 75 ಓಮ್. ಹವ್ಯಾಸಿಗಳ ಪ್ರೇಷಕವೂ ಮಾಪಕವೂ ಸಾಮಾನ್ಯವಾಗಿ 50 ಓಮಿನವು; ಟೆಲಿವಿಷನ್ ಕೇಬಲ್ಲು 75 ಓಮಿನದು.

ಮಾಪಕವು ಕೇಬಲ್ಲಿನ ಒಳಗನ್ನು ನೋಡಲಾರದು. ತನ್ನ ಬಾಯಿಗೆ ಬಂದ ಪ್ರತಿಬಾಧೆಯನ್ನು 50 ಓಮಿನೊಡನೆ ಹೋಲಿಸುವುದಷ್ಟೇ ಅದರ ಕೆಲಸ. 75 ಓಮಿನ ಕೇಬಲ್ಲಿಗೆ 75 ಓಮಿನ ಆಂಟೆನಾ ಜೋಡಿಸಿದರೆ ಕೇಬಲ್ಲಿನಲ್ಲಿ ಏನೂ ಹಿಂದಿರುಗದು. ನಿಜವಾದ ಬೆಲೆ 1. ಆದರೂ ಮಾಪಕ 75÷50, ಅಂದರೆ 1.5 ತೋರಿಸುತ್ತದೆ.

ಈಗ ಅದೇ ಕೇಬಲ್ಲಿಗೆ 50 ಓಮಿನ ಆಂಟೆನಾ ಜೋಡಿಸೋಣ. ಕೇಬಲ್ಲಿನಲ್ಲಿ ನಿಜವಾದ ಬೆಲೆ 1.5. ಕೇಬಲ್ಲು ಅರ್ಧ ಅಲೆಯುದ್ದವಿದ್ದರೆ ಆಂಟೆನಾದ 50 ಓಮೇ ಈ ತುದಿಯಲ್ಲಿಯೂ ಕಾಣುವುದರಿಂದ ಮಾಪಕ 1 ಎನ್ನುತ್ತದೆ. ಕಾಲು ಅಲೆಯುದ್ದವಿದ್ದರೆ ಕಾಣುವುದು 75×75÷50, ಅಂದರೆ 112.5 ಓಮ್, ಮಾಪಕ 2.25 ಎನ್ನುತ್ತದೆ. 7.1 ಮೆಗಾಹರ್ಟ್ಸಿನಲ್ಲಿ, ಬೆಳಕಿನ ವೇಗದ ಶೇಕಡಾ 66ರಷ್ಟು ವೇಗದಲ್ಲಿ ಅಲೆ ಸಾಗುವ ಕೇಬಲ್ಲಿಗೆ, ಕಾಲು ಅಲೆಯುದ್ದ ಸುಮಾರು 7 ಮೀಟರು, ಅರ್ಧ ಸುಮಾರು 14 ಮೀಟರು. ಆಂಟೆನಾ ಎಳ್ಳಷ್ಟೂ ಬದಲಾಗಲಿಲ್ಲ; ಓದು ಮಾತ್ರ ಬದಲಾಯಿತು.

ಇದನ್ನರಿಯದೆ 2.25 ಕಂಡೊಡನೆ ಮಾಳಿಗೆಯೇರಿ ಆಂಟೆನಾದ ತಂತಿಯನ್ನು ಕತ್ತರಿಸತೊಡಗಿದರೆ ಒಳ್ಳೆಯ ಆಂಟೆನಾ ಕೆಡುತ್ತದೆ. ಕತ್ತರಿಸಿದ ತಂತಿ ಮತ್ತೆ ಬೆಳೆಯದು. ಮೊದಲು ಒಂದೆರಡು ಮೀಟರು ಕೇಬಲ್ಲನ್ನು ಸೇರಿಸಿ ನೋಡಬೇಕು. ಓದು ಬಹಳವಾಗಿ ಬದಲಾದರೆ ಕೇಬಲ್ಲನ್ನೇ ಶಂಕಿಸಬೇಕು. 50 ಓಮಿನ ಕೇಬಲ್ಲಿನಲ್ಲಾದರೋ ಉದ್ದ ಬದಲಾದರೂ ಓದು ಹೆಚ್ಚುಕಡಿಮೆ ಸ್ಥಿರವಾಗಿರತಕ್ಕದ್ದು.

ಕಡಿಮೆ ಓದನ್ನೂ ಕಣ್ಣುಮುಚ್ಚಿ ನಂಬಲಾಗದು. ಅರ್ಧ ಶಕ್ತಿಯನ್ನು ನುಂಗುವ ಕೇಬಲ್ಲಿನಲ್ಲಿ, ಆಂಟೆನಾ ಕಳಚಿಬಿದ್ದಿದ್ದರೂ ಹಿಂದಿರುಗುವುದು ಕಾಲುಭಾಗ ಮಾತ್ರ. ಮಾಪಕ 3 ಎಂದಷ್ಟೇ ಹೇಳುತ್ತದೆ. ಆದುದರಿಂದ ಮುಳ್ಳನ್ನು ನೋಡುವ ಮುನ್ನ ಕೇಬಲ್ಲಿನ ಮೇಲಿನ ಅಚ್ಚನ್ನು ಓದುವ ಅಭ್ಯಾಸ ಮಾಡಿಕೊಳ್ಳೋಣ.