ಕಣ್ಣಿಗೆ ಕಾಣದ ಗಾಳಿ



ಗಲಗಲಿಯಲ್ಲಿ ಒಂದು ಸಂಜೆ ಪಾಠ ನಡೆದಿತ್ತು. ಒಬ್ಬ ತಾಯಿ ಪಾಟಿ ಕೆಳಗಿಟ್ಟು ನಮ್ಮನ್ನು ಕೇಳಿದಳು.

"ಅಕ್ಕೋರ, ನಮ್ಮ ಅತ್ತಿ ಒಂದ ದಿನಾನೂ ಬೀಡಿ ಮುಟ್ಟಲಿಲ್ಲ. ಆಕಿಗೆ ಶ್ವಾಸಕೋಶದ ಕ್ಯಾನ್ಸರ್ ಹ್ಯಾಂಗ ಆತು?"

ನಾವು ಸುಮ್ಮನಾದೆವು. ಒಬ್ಬರ ರೋಗಕ್ಕೆ ಇದೇ ಕಾರಣ ಅಂತ ಹೇಳುವುದು ಡಾಕ್ಟರಿಗೂ ಕಷ್ಟ. ಒಲೆಯ ಹೊಗೆ ಇರಬಹುದು. ಗಂಡಸರು ಸೇದಿ ಬಿಟ್ಟ ಬೀಡಿ ಹೊಗೆ ಇರಬಹುದು. ಇನ್ನೊಂದು ಕಾರಣವೂ ಉಂಟು. ಅದರ ಹೆಸರು ರೇಡಾನ್.

ರೇಡಾನ್ ಒಂದು ಗಾಳಿ. ಅದಕ್ಕೆ ಬಣ್ಣ ಇಲ್ಲ. ವಾಸನೆ ಇಲ್ಲ. ಕಲ್ಲು, ಮಣ್ಣಿನಲ್ಲಿ ಯುರೇನಿಯಂ ಎಂಬ ವಸ್ತು ತುಸು ತುಸು ಇರುತ್ತದೆ. ಅದು ತಾನಾಗಿಯೇ ಒಡೆಯುತ್ತಾ ಹೋದಾಗ ಈ ಗಾಳಿ ಹುಟ್ಟುತ್ತದೆ. ಬಯಲಿನಲ್ಲಿ ಹುಟ್ಟಿದ್ದು ಬಯಲಿನಲ್ಲೇ ಚದುರುತ್ತದೆ. ನೆಲದ ಬಿರುಕಿನಿಂದ ಮನೆಯೊಳಗೆ ಬಂದದ್ದು ಮಾತ್ರ ಅಲ್ಲೇ ಕೂಡುತ್ತದೆ.

ನಮ್ಮ ಕಡೆ ಹಗೇವಿನ ಬಾಯಿ ತೆಗೆದ ಕೂಡಲೆ ಯಾರೂ ಒಳಗೆ ಇಳಿಯುವುದಿಲ್ಲ. ಗಾಳಿ ಆಡಲಿ ಅಂತ ಬಿಡ್ತಾರೆ. ಹಗೇವಿನ ಗಾಳಿ ಬೇರೆ. ಅದು ಗಳಿಗೆಯಲ್ಲೇ ಉಸಿರು ಕಟ್ಟಿಸುತ್ತದೆ. ರೇಡಾನ್ ಹಾಗಲ್ಲ. ತಲೆ ನೋಯುವುದಿಲ್ಲ. ಕೆಮ್ಮು ಬರುವುದಿಲ್ಲ. ಅದರಿಂದ ಹುಟ್ಟಿದ ಸಣ್ಣ ಕಣಗಳು ಉಸಿರಿನ ಜೊತೆ ಹೋಗಿ ಶ್ವಾಸಕೋಶಕ್ಕೆ ಅಂಟುತ್ತವೆ. ಅವುಗಳ ಕಿರಣ ಒಳಗೆ ಗಾಯ ಮಾಡುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಕ್ಯಾನ್ಸರ್ ಆಗಬಹುದು.

"ಕಾಣಲಾರದ್ದನ್ನ ಅಳಿಯೋದು ಹ್ಯಾಂಗ್ರೀ?"

ಒಂದು ಸಣ್ಣ ಪ್ಲಾಸ್ಟಿಕ್ ಹಾಳೆ ಸಾಕು. ಅದನ್ನು ಡಬ್ಬಿಯಲ್ಲಿಟ್ಟು ಮನೆಯೊಳಗೆ ತೂಗು ಹಾಕುತ್ತಾರೆ. 3 ತಿಂಗಳು ಬಿಡುತ್ತಾರೆ. ಕಿರಣ ಬಡಿದಲ್ಲೆಲ್ಲ ಹಾಳೆಗೆ ಗೀರು ಬೀಳುತ್ತದೆ. ಆಮೇಲೆ ಕಾಸ್ಟಿಕ್ ಸೋಡಾ ನೀರಿನಲ್ಲಿ ಅದ್ದುತ್ತಾರೆ. ಗೀರು ದೊಡ್ಡದಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿ ಎಣಿಸುತ್ತಾರೆ. ನಾವು ಜೋಳದ ಕಾಳು ಎಣಿಸಿದ ಹಾಗೆ!

ಮೈಸೂರು ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಮೈಸೂರು, ಬೆಂಗಳೂರು ಕಡೆಯ ಮನೆಗಳಲ್ಲಿ ರೇಡಾನ್ ಅಳೆದಿದ್ದಾರೆ. ಗಾಳಿ ಆಡದ ಕೋಣೆಯಲ್ಲಿ ಅದು ಹೆಚ್ಚು ಇತ್ತು. ಬೇಸಿಗೆಗಿಂತ ಚಳಿಗಾಲದಲ್ಲಿ ಹೆಚ್ಚು ಇತ್ತು. ಚಳಿಗೆ ನಾವೆಲ್ಲ ಬಾಗಿಲು ಹಾಕಿಕೊಂಡು ಮಲಗುತ್ತೇವಲ್ಲ!

ಹಾಲಿಗೆ ಲೀಟರ್ ಇದ್ದಂತೆ ಇದಕ್ಕೆ ಬೆಕೆರೆಲ್ ಎಂಬ ಅಳತೆ ಇದೆ. ಒಂದು ಮೀಟರ್ ಉದ್ದ, ಅಗಲ, ಎತ್ತರದ ಪೆಟ್ಟಿಗೆಯಷ್ಟು ಗಾಳಿಯಲ್ಲಿ 100 ಬೆಕೆರೆಲ್‌ಗಿಂತ ಕಡಿಮೆ ಇದ್ದರೆ ಒಳ್ಳೆಯದು. 300 ಅಂತೂ ದಾಟಬಾರದು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೀಗೆ ಹೇಳಿತು.

ಅದೇ ಸಂಸ್ಥೆ ಇನ್ನೊಂದು ಮಾತು ಹೇಳಿದೆ. ಇದನ್ನು ಮನೆಯ ಗಂಡಸರಿಗೂ ಓದಿ ಹೇಳಿರಿ. ಸೇದದವರಿಗಿಂತ ಸೇದುವವರಿಗೆ ರೇಡಾನ್‌ನ ಅಪಾಯ ಸುಮಾರು 25 ಪಟ್ಟು ಹೆಚ್ಚು!

"ಹಂಗಾರ ಮನಿ ಬಿಟ್ಟು ಹೋಗೂನೇನು?" ಆ ತಾಯಿ ಮತ್ತೆ ಕೇಳಿದಳು.

ಎಲ್ಲರೂ ನಕ್ಕರು. ಮನೆ ಬಿಡಬೇಕಿಲ್ಲ. ಬೀಡಿ ಬಿಡಬೇಕು. ದಿನಾ ಬಾಗಿಲು, ಕಿಟಕಿ ತೆರೆದು ಗಾಳಿ ಆಡಿಸಬೇಕು. ನೆಲದ ಬಿರುಕು ಮುಚ್ಚಬೇಕು. ಬೆಳಕಿಂಡಿಗೆ ಅರಿವೆ ತುರುಕಬಾರದು. ಕೃಷ್ಣಾ ಹೊಳೆಯ ಗಾಳಿಗೆ ನಾವು ರೊಕ್ಕ ಕೊಡಬೇಕಿಲ್ಲವಲ್ಲ! ಬೆಳಕಿಂಡಿ ತೆರೆದರೆ ಒಲೆಯ ಹೊಗೆಯೂ ಹೋಗುತ್ತದೆ. ಎರಡು ವಾರ ಕೆಮ್ಮು ನಿಲ್ಲದಿದ್ದರೆ, ಕಫದಲ್ಲಿ ರಕ್ತ ಕಂಡರೆ, ಕಾರಣ ಯಾವುದೇ ಇರಲಿ, ದವಾಖಾನೆಗೆ ಹೋಗಿರಿ.

ಓದಿರಿ: ಗಾಳಿ, ಕಿಟಕಿ, ಬಿರುಕು, ಬೆಳಕಿಂಡಿ, ರೇಡಾನ್.

ಬರೆಯಿರಿ: ನೀವು ಮಲಗುವ ಕೋಣೆಗೆ ಎಷ್ಟು ಕಿಟಕಿ ಇವೆ? ನಿನ್ನೆ ಎಷ್ಟು ತೆರೆದಿದ್ದವು?